ಅಕ್ಕುವಿನ ಎದೆಪಟ್ಟಿ

ಐವತ್ತೆಂಟನೆಯ ವಯಸ್ಸಿನಲ್ಲಿ ಹೊಸ ಭಾಷೆಯೊಂದನ್ನು ಕಲಿಯುವ ಗ್ರಹಚಾರ ನನಗೆ ಬಂದದ್ದು ಸಕ್ಕರೆ ಕಾಯಿಲೆಯಿಂದ. ಕನ್ನಡ, ತುಳು, ಅಗತ್ಯ ಬಿದ್ದರೆ ಮಲಯಾಳ, ಇಷ್ಟನ್ನು ನಾಲಗೆಯಲ್ಲಿ ಇಟ್ಟುಕೊಂಡು ಪುತ್ತೂರಿನಲ್ಲಿ ಯಾರೊಡನೆಯೂ ಜಗಳ ಮಾಡಬಲ್ಲವಳು ನಾನು. ಆದರೆ ದರ್ಬೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ, ಬೆಳಿಗ್ಗೆ ಆರೂವರೆಗೆ, ವ್ಯಾಯಾಮದ ಕ್ಲಾಸು ನಡೆಸುವ ದಿಶಾಂತ್ "ಆಂಟಿ, ಇವತ್ತು ಟಬಾಟಾ" ಎಂದಾಗ ಬಾಯಿ ಬಿಟ್ಟುಕೊಂಡು ನಿಂತೆ. ಅದು ತಿನ್ನುವುದೋ ಉಡುವುದೋ ಗೊತ್ತಿರಲಿಲ್ಲ. ಇಪ್ಪತ್ತು ಸೆಕೆಂಡು ಪ್ರಾಣ ಹೋಗುವಷ್ಟು ಕುಣಿದು, ಹತ್ತು ಸೆಕೆಂಡು ಸುಮ್ಮನಿದ್ದು, ಹೀಗೆ ಎಂಟು ಸಲ ಮಾಡುವುದಕ್ಕೆ ಆ ಹೆಸರು ಎಂದು ನಾಲ್ಕು ನಿಮಿಷದ ನಂತರ ನನ್ನ ಮೊಣಕಾಲಿಗೆ ಗೊತ್ತಾಯಿತು.

ಈಗ ಹೇಳಹೊರಟದ್ದು ನನ್ನ ಮೊಣಕಾಲಿನ ಕಥೆಯಲ್ಲ, ಅಕ್ಕುವಿನದ್ದು. ನನ್ನ ಹೆಸರು ಪರಮೇಶ್ವರಿ ಎಂದಷ್ಟು ತಿಳಿದರೆ ಸಾಕು. ಅಕ್ಕು ನನಗಿಂತ ಆರು ವರ್ಷ ಚಿಕ್ಕವಳು. ಕೋರ್ಟ್ ರಸ್ತೆಯ ಬದಿಯ ಒಂದು ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ರವಿಕೆ ಹೊಲಿಯುವವಳು. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಯಾರನ್ನು ಕಂಡರೂ ಮುಖಕ್ಕಿಂತ ಮೊದಲು ಭುಜ ನೋಡುತ್ತಾಳೆ. ಮಾತು ಕಡಿಮೆ, ಹಟ ಜಾಸ್ತಿ. ಆ ಫೆಬ್ರವರಿಯಲ್ಲಿ ನಾವಿಬ್ಬರೂ ಒಂದೇ ವಾರ ಕ್ಲಾಸಿಗೆ ಸೇರಿ, ಹಿಂದಿನ ಸಾಲಿನಲ್ಲಿ ಅಕ್ಕಪಕ್ಕದ ಮ್ಯಾಟುಗಳಲ್ಲಿ ನಿಂತೆವು. ಉಳಿದವರೆಲ್ಲ ನಮ್ಮ ಮಕ್ಕಳಾಗಬಹುದಾದ ಪ್ರಾಯದವರು.

ಆ ಹಾಲಿನ ಎದುರು ಗೋಡೆಯಲ್ಲಿ ಬಾಗಿಲಷ್ಟು ದೊಡ್ಡ ಟಿವಿ ಇದೆ. ಬಂದವರೆಲ್ಲ ಎದೆಯ ಕೆಳಗೆ ಒಂದು ಕಪ್ಪು ಪಟ್ಟಿ ಕಟ್ಟಿಕೊಳ್ಳಬೇಕು. ಅದು ಹೃದಯದ ಬಡಿತ ಹಿಡಿದು ಟಿವಿಗೆ ಕಳಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಚೌಕ. ಅದರಲ್ಲಿ ಹೆಸರು, ಹೆಸರಿನ ಕೆಳಗೆ ನಿಮಿಷಕ್ಕೆ ಎಷ್ಟು ಬಡಿತ ಎಂಬ ಅಂಕಿ. ಆರಾಮವಾಗಿದ್ದರೆ ಚೌಕ ನೀಲಿ, ಬೆವರು ಬಂದರೆ ಹಸಿರು, ಉಸಿರು ಸಿಕ್ಕದಿದ್ದರೆ ಕಿತ್ತಳೆ, ಅದರ ಮೇಲೆ ಕೆಂಪು. ಇದಕ್ಕೆ ಝೋನ್ ಎನ್ನುತ್ತಾರೆ. ಎದೆಯೊಳಗಿನ ಗುಟ್ಟನ್ನು ಹೀಗೆ ಊರಿಗೆಲ್ಲ ತೋರಿಸುವುದು ನನಗೆ ಸರಿಬರಲಿಲ್ಲ. ಆದರೂ ಪಕ್ಕದವಳದ್ದು ಎಷ್ಟಿದೆ ಎಂದು ನೋಡುವ ಚಪಲ ಬಿಡಬೇಕಲ್ಲ! ಅಕ್ಕುವಿನ ಹೆಸರು ಹುಡುಕಿದೆ. ಹಾಲಿನಲ್ಲಿ ಹತ್ತು ಜನ, ಟಿವಿಯಲ್ಲಿ ಹತ್ತು ಚೌಕ. ಅಕ್ಕು ಎಂಬ ಹೆಸರು ಇರಲಿಲ್ಲ. ಹತ್ತನೆಯದರಲ್ಲಿ ಸುಪ್ರಿತಾ ಎಂದಿತ್ತು.

"ಶಾಲೆಯಲ್ಲಿ ನಿಮ್ಮ ಹೆಸರು ಸುಪ್ರಿತಾ ಅಂತಾನಾ?" ಎಂದು ಕೇಳಿದೆ.

"ಅಲ್ಲ ಅಕ್ಕ. ಅದು ಮಗಳು."

"ಅವಳು ಎಂತ ಮಾಡ್ತಿದ್ದಾಳೆ ಈಗ?"

"ಅವಳು ತೀರಿಹೋಗಿ ಎರಡು ವರ್ಷ ಆಯ್ತು" ಎಂದಳು, ಟಿವಿಯಿಂದ ಕಣ್ಣು ತೆಗೆಯದೆ. ಆ ಹೊತ್ತಿಗೆ ಸುಪ್ರಿತಾ ಎಂಬ ಹೆಸರಿನ ಕೆಳಗೆ ನೂರ ಹನ್ನೆರಡು ಇತ್ತು. ನೋಡುತ್ತಿದ್ದಂತೆ ನೂರ ಹದಿಮೂರಾಯಿತು. 

ಆಮೇಲೆ ದಿಶಾಂತ್ ಹೇಳಿದ. ಸುಪ್ರಿತಾ ಅದೇ ಕ್ಲಾಸಿಗೆ ಒಂದೂವರೆ ವರ್ಷ ಬಂದವಳು. ಇಪ್ಪತ್ತನಾಲ್ಕು ವಯಸ್ಸು, ಲ್ಯಾಬೊಂದರಲ್ಲಿ ಕೆಲಸ. ಡೆಂಗಿ ಬಂದು ನಾಲ್ಕೇ ದಿನದಲ್ಲಿ ಹೋದಳು. ಎರಡು ವರ್ಷ ಅಕ್ಕು ಮಗಳ ಕಪಾಟು ತೆರೆದಿರಲಿಲ್ಲ. ತೆರೆದ ದಿನ ಬಟ್ಟೆಯ ಅಡಿಯಲ್ಲಿ ಈ ಕಪ್ಪು ಪಟ್ಟಿ ಸಿಕ್ಕಿತು. ಎದೆಗೆ ಕಟ್ಟುವಂಥದ್ದು ಎಂದು ಹೊಲಿಗೆಯವಳಿಗೆ ಅಳತೆಯಲ್ಲೇ ತಿಳಿಯಿತು. ಮಗಳಿಗೆ ಹೃದಯದ ಕಾಯಿಲೆಯಿತ್ತು, ತನ್ನಿಂದ ಮುಚ್ಚಿಟ್ಟಿದ್ದಳು ಎಂದು ಹೆದರಿ ಅದನ್ನು ಹಿಡಿದುಕೊಂಡು ದಿಶಾಂತನ ಹತ್ತಿರ ಬಂದಳು. ಅವನು ಹಾಗಲ್ಲವೆಂದು ತೋರಿಸಲು ಪಟ್ಟಿಯನ್ನು ಒದ್ದೆ ಮಾಡಿ ಅವಳಿಗೇ ಕಟ್ಟಿಸಿ ಟಿವಿ ಹಾಕಿದ. ಮಗಳ ಹೆಸರು ಬೆಳಗಿತು. ಕೆಳಗೆ ತೊಂಬತ್ತಾರು.

"ನಾನು ಹೆಸರು ಅಳಿಸಿ ಕೊಡ್ತೇನೆ ಅಂದೆ ಆಂಟಿ. ಅವರು ನನ್ನ ಕೈ ಹಿಡ್ಕೊಂಡ್ರು" ಎಂದ ದಿಶಾಂತ್. "ನಾಳೆ ಎಷ್ಟು ಗಂಟೆಗೆ ಬರ್ಬೇಕು ಅಂತ ಕೇಳಿದ್ರು, ಅಷ್ಟೇ."

ಹಾಗೆ ಅಕ್ಕು ವಾರಕ್ಕೆ ಆರು ದಿನ ಬರತೊಡಗಿದಳು. ತನ್ನ ಎದೆ ಬಡಿದಷ್ಟು ಹೊತ್ತು ಮಗಳ ಹೆಸರು ಗೋಡೆಯ ಮೇಲೆ ಇರುತ್ತದೆ. ಅವಳಿಗೆ ಬೇಕಾದದ್ದು ಅಷ್ಟೇ. ನನ್ನಂತೆ ತೂಕ ಇಳಿಸಲು ಬಂದವಳಲ್ಲ, ಆದ್ದರಿಂದಲೇ ನನಗಿಂತ ಚೆನ್ನಾಗಿ ಕಲಿತಳು. ನನಗೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಕಲಿಯಲಿಕ್ಕೆ ಪದಗಳು ಒಂದೆರಡಲ್ಲ. ಬರ್ಪಿ ಎಂದರೆ ನೆಲಕ್ಕೆ ಬೋರಲು ಬಿದ್ದು, ಎದ್ದು, ಹಾರಿ, ಮತ್ತೆ ಬೀಳುವುದು. ಯಾರೋ ಕರೆದರೆಂದು ಎದ್ದು ನಿಂತು, ಕರೆದದ್ದು ನಮ್ಮನ್ನಲ್ಲ ಎಂದು ಮತ್ತೆ ಮಲಗಿದ ಹಾಗೆ. ಪ್ಲ್ಯಾಂಕ್ ಎಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಹಲಗೆಯಾಗಿ ನಿಲ್ಲುವುದು. ಒಂದು ಸಲ ಮಾಡಿದರೆ ರೆಪ್, ಹತ್ತು ರೆಪ್ಪಿಗೆ ಒಂದು ಸೆಟ್. ಕೊಟ್ಟ ಸಮಯದಲ್ಲಿ ಆದಷ್ಟು ಸುತ್ತು ಮುಗಿಸುವುದು ಆಮ್ರಾಪ್. ಆಗದವರು ಸುಲಭ ಮಾಡಿಕೊಳ್ಳುವುದಕ್ಕೆ ಸ್ಕೇಲ್. ಕೊನೆಗೆ ಉಳಿದ ಜೀವವನ್ನೂ ಹಿಂಡಿ ತೆಗೆಯುವುದು ಫಿನಿಶರ್. ಅಕ್ಕು ಇದನ್ನೆಲ್ಲ ತನ್ನ ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದುಕೊಳ್ಳುತ್ತಿದ್ದಳು. ಮುಂದಿನಿಂದ ತೋಳು, ಸೊಂಟ, ಕುತ್ತಿಗೆ. ಹಿಂದಿನಿಂದ ಬರ್ಪಿ, ಆಮ್ರಾಪ್.

"ಇಷ್ಟೆಲ್ಲ ಬರೆದು ನಿಮಗೆ ಪರೀಕ್ಷೆ ಉಂಟಾ ಮಾರಾಯ್ರೆ?" ಎಂದು ಒಮ್ಮೆ ರೇಗಿಸಿದೆ.

ಅವಳು ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ಪ್ರತಿ ಪದದ ಎದುರು ಅರ್ಥ ಬರೆದಿರಲಿಲ್ಲ, ಒಂದೊಂದು ವಾಕ್ಯ ಬರೆದಿತ್ತು. ‘ಫಿನಿಶರ್: ಅಮ್ಮ, ಇವತ್ತು ಫಿನಿಶರ್‌ನಲ್ಲಿ ಕಣ್ಣು ಕತ್ತಲೆ ಬಂತು, ಆದ್ರೂ ಬಿಡ್ಲಿಲ್ಲ.’ ‘ಸ್ಕೇಲ್: ಫೌಝಿಯಾ ಸ್ಕೇಲ್ ಮಾಡಿದ್ಳು, ನಾನು ಮಾಡ್ಲಿಲ್ಲ.’

"ಅವಳು ಊಟಕ್ಕೆ ಕೂತು ಹೇಳ್ತಿದ್ದದ್ದು" ಎಂದಳು ಅಕ್ಕು. "ನಾನು ಗುಂಡಿ ಹಾಕ್ತಾ ಹ್ಞೂಂ ಹ್ಞೂಂ ಹೇಳುದು. ಎಂತ ಅಂತ ಒಂದಿನವೂ ಕೇಳ್ಲಿಲ್ಲ. ಮಾತು ಕಿವಿಯಲ್ಲಿ ಹಾಗೇ ಉಂಟು ಅಕ್ಕ. ಒಂದೊಂದೇ ಈಗ ಅರ್ಥ ಆಗುದು."

ನನಗೆ ಅಳು ಬಂತು. ಬೆವರು ಒರೆಸುವ ಟವೆಲಿನಲ್ಲಿ ಒರೆಸಿಕೊಂಡೆ.

ಏಪ್ರಿಲಿನಲ್ಲಿ ಒಂದು ದಿನ ದಿಶಾಂತ್ ಹೊಸ ಪದ ಹೇಳಿಕೊಟ್ಟ. ಎಲ್ಲ ಮುಗಿದ ಮೇಲೆ ಕೈಕಾಲು ಅಲ್ಲಾಡಿಸದೆ ಒಂದು ನಿಮಿಷ ನಿಲ್ಲಬೇಕು. ಆ ನಿಮಿಷದಲ್ಲಿ ಅಂಕಿ ಎಷ್ಟು ಇಳಿಯುತ್ತದೆ ಎಂದು ನೋಡಬೇಕು. ಅದಕ್ಕೆ ರಿಕವರಿ ಎನ್ನುತ್ತಾರೆ. ಇಪ್ಪತ್ತು ಮೂವತ್ತು ಇಳಿದರೆ ಒಳ್ಳೆಯದು. "ಇಳಿಯದಿದ್ರೆ ಮೈಯೊಳಗೆ ಎಂತದ್ದೋ ನಡೀತಾ ಉಂಟು ಅಂತ ಲೆಕ್ಕ. ಜ್ವರ ಬರ್ಲಿಕ್ಕಿರ್ತದೆ. ಅವತ್ತು ಕ್ಲಾಸು ಬಿಟ್ಟು ಡಾಕ್ಟ್ರ ಹತ್ರ ಹೋಗ್ಬೇಕು" ಎಂದ.

ನಾವೆಲ್ಲ ನಮ್ಮ ನಮ್ಮ ಚೌಕ ನೋಡುತ್ತ ನಿಂತೆವು. ನೀಲಿಗೆ ಇಳಿಯುತ್ತಿದ್ದ ಚೌಕಗಳ ನಡುವೆ ಸುಪ್ರಿತಾಳದ್ದು ಕೆಂಪಾಯಿತು. ತಿರುಗಿ ನೋಡಿದರೆ ಅಕ್ಕು ಮ್ಯಾಟಿನ ಮೇಲೆ ಇರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು.

"ಆ ಗುರುವಾರ ಮಗಳು ಕ್ಲಾಸಿಂದ ಬಂದು ಹೇಳಿದ್ಳು ಅಕ್ಕ. ‘ಅಮ್ಮ, ಇವತ್ತು ನಂಗೆ ರಿಕವರಿ ಇಲ್ಲ, ಇಳೀತಾನೇ ಇಲ್ಲ’ ಅಂತ. ನಂಗೆ ಎಂತ ಗೊತ್ತು? ಗಂಜಿ ಕುಡಿದು ಮಲಗು ಹೇಳಿದೆ. ಜ್ವರ ಬಂದದ್ದು ಶುಕ್ರವಾರ. ಆಸ್ಪತ್ರೆಗೆ ಕರ್ಕೊಂಡು ಹೋದದ್ದು ಶನಿವಾರ."

ನಾನು ಅವಳ ಪಕ್ಕ ಕೂತೆ. ಎರಡು ದಿನ ಮೊದಲು ಹೋಗಿದ್ದರೂ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಎಂದೆ. ನಾನೇನು ಡಾಕ್ಟರೇ? ಅವಳೂ ನಂಬಲಿಲ್ಲ, ನಾನೂ ನಂಬಲಿಲ್ಲ. ಅವತ್ತು ಆ ಪದದ ಎದುರು ಅವಳು ಏನೂ ಬರೆಯಲಿಲ್ಲ.

ಜುಲೈ ಮೂರನೆಯ ವಾರ, ತುಳುವರ ಆಟಿ ತಿಂಗಳು ಹಿಡಿದ ಮೇಲೆ, ನಡೆದದ್ದನ್ನು ನಾನು ಕಂಡ ಹಾಗೆಯೇ ಹೇಳುತ್ತೇನೆ. ದೆವ್ವ ಭೂತ ಎಂದು ಬಡಬಡಿಸುವವರನ್ನು ಕಂಡರೆ ನನಗೆ ಮೊದಲಿನಿಂದ ಆಗುವುದಿಲ್ಲ. ಅವತ್ತು ಅಕ್ಕು ಬಂದಿರಲಿಲ್ಲ. ಬೆಟ್ಟಂಪಾಡಿಯ ಅಣ್ಣ ಕರೆಸಿದ್ದಾನೆಂದು ಹಿಂದಿನ ದಿನವೇ ಹೇಳಿದ್ದಳು. ನನ್ನ ಪಕ್ಕದ ಮ್ಯಾಟು ಸುರುಳಿ ಸುತ್ತಿ ಗೋಡೆಗೆ ಒರಗಿತ್ತು. ಹಾಲಿನಲ್ಲಿ ಒಂಬತ್ತು ಜನ. ಕ್ಲಾಸು ಶುರುವಾಗಿ ಐದು ನಿಮಿಷವಾಗಿರಬಹುದು, ಸುಪ್ರಿತಾಳ ಜೊತೆ ಕಲಿತಿದ್ದ, ಮುಂದಿನ ಸಾಲಿನ ಫೌಝಿಯಾ ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಟಿವಿಯಲ್ಲಿ ಹತ್ತು ಚೌಕಗಳಿದ್ದವು.

ಸುಪ್ರಿತಾ, ಎಂಬತ್ತೆಂಟು.

"ಅಕ್ಕು ಆಂಟಿ ಮೆಟ್ಟಿಲು ಹತ್ತಿ ಬರ್ತಾ ಇರ್ಬೇಕು" ಎಂದ ದಿಶಾಂತ್. ನಾವು ಬಾಗಿಲು ನೋಡಿದೆವು. ಯಾರೂ ಬರಲಿಲ್ಲ. ಫೌಝಿಯಾ ಹೋಗಿ ಕೆಳಗಿನವರೆಗೆ ಇಣುಕಿ ಬಂದಳು. ಮೆಟ್ಟಿಲು ಖಾಲಿ.

ಪಟ್ಟಿ ಸಿಕ್ಕಿದ್ದು ಚಪ್ಪಲಿ ಗೂಡಿನ ಹಿಂದಿನ ಮೊಳೆಯಲ್ಲಿ. ಹಿಂದಿನ ದಿನ ಅಕ್ಕು ತೊಳೆದು ಒಣಗಲು ಹಾಕಿ ಮರೆತು ಹೋಗಿದ್ದಳು. ದಿಶಾಂತ್ ಮುಟ್ಟಿ ನೋಡಿ, ಮಳೆಗೆ ಥಂಡಿ ಹಿಡಿದಿದೆ, ಒದ್ದೆಯಿದ್ದರೆ ಒಮ್ಮೊಮ್ಮೆ ಸುಳ್ಳು ಅಂಕಿ ತೋರಿಸುತ್ತದೆ ಎಂದ. ಸರಿ ಎಂದು ನಾವೂ ಮುಂದುವರಿಸಿದೆವು. ಆದರೆ ಸುಳ್ಳು ಅಂಕಿ ಸುಮ್ಮನೆ ಎಲ್ಲೆಂದರಲ್ಲಿ ಹಾರಬೇಕಲ್ಲವೇ? ಇದು ಹಾರಲಿಲ್ಲ. ನಾವು ಬರ್ಪಿ ಶುರು ಮಾಡಿದಾಗ ಏರಿತು. ಎರಡನೇ ಸೆಟ್ಟಿಗೆ ಇನ್ನಷ್ಟು ಏರಿತು. ಫಿನಿಶರ್ ಬಂದಾಗ ನನ್ನ ಚೌಕಕ್ಕಿಂತ ಮೊದಲೇ ಕಿತ್ತಳೆಯಾಯಿತು. ನಾನು ರೆಪ್ ಎಣಿಸುವುದು ಬಿಟ್ಟು ಅದನ್ನೇ ನೋಡುತ್ತಿದ್ದೆ. ನನ್ನ ಪಕ್ಕದ ಖಾಲಿ ಜಾಗದ ಕಡೆಗೆ ಮಾತ್ರ ಕುತ್ತಿಗೆ ತಿರುಗಿಸಲಿಲ್ಲ. ಧೈರ್ಯ ಬರಲಿಲ್ಲ.

ಕೊನೆಗೆ ಎಲ್ಲರೂ ಅಲ್ಲಾಡದೆ ನಿಂತೆವು. ಒಂಬತ್ತು ಚೌಕಗಳು ಒಂದೊಂದಾಗಿ ನೀಲಿಗೆ ಇಳಿದವು. ಹತ್ತನೆಯದು ನೂರ ನಲವತ್ತರಲ್ಲಿ ನಿಂತಿತ್ತು. ಒಂದು ನಿಮಿಷ ಆಯಿತು, ಎರಡಾಯಿತು. ಇಳಿಯಲಿಲ್ಲ. ದಿಶಾಂತ್ ಟಿವಿ ಆರಿಸಿದ.

ಆ ಸಂಜೆ ಪಟ್ಟಿಯನ್ನು ಕೊಡಲು ನಾನು ಅಕ್ಕುವಿನ ಅಂಗಡಿಗೆ ಹೋದೆ. ನಡೆದದ್ದನ್ನು ಹೇಳಬಾರದು ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡಿದ್ದೆ. ಅವಳು ಮಿಶಿನು ನಿಲ್ಲಿಸಿ ಸುಮ್ಮನೆ ಕೂತಿದ್ದಳು.

"ಮಗಳಿಗೆ ಸಂಬಂಧ ಬಂದುಂಟು ಅಕ್ಕ" ಎಂದಳು.

ಅವರ ಕಡೆ ಹೀಗೊಂದು ಪದ್ಧತಿ ಇದೆ. ಸತ್ತವರ ಆತ್ಮವನ್ನು ಕುಲೆ ಎನ್ನುತ್ತಾರೆ. ಮದುವೆಯಾಗದೆ ಸತ್ತ ಹೆಣ್ಣಿಗೆ ಆಟಿಯಲ್ಲಿ, ಹಾಗೆಯೇ ಸತ್ತ ಗಂಡೊಂದನ್ನು ಹುಡುಕಿ, ಕುಲೆಗಳಿಗೆ ಮದುವೆ ಮಾಡಿಸುತ್ತಾರೆ. ಬದುಕಿರುವವರಿಗೆ ನೋಡಿದ ಹಾಗೆಯೇ ಮನೆತನ ನೋಡಿ, ಬರಿ ಎಂಬ ತಾಯಿಕಡೆಯ ಗೋತ್ರ ಬೇರೆಯೇ ಎಂದು ವಿಚಾರಿಸಿ, ಹೆಣ್ಣು ಕೇಳಿಕೊಂಡು ಬರುತ್ತಾರೆ. ಬಂದವರು ಕಡಬದ ಆಚೆ ಇಚಿಲಂಪಾಡಿಯ ತ್ಯಾಂಪಣ್ಣ ಮತ್ತು ಅವರ ಹೆಂಡತಿ. ಅವರ ಒಬ್ಬನೇ ಮಗ ಹನ್ನೊಂದು ವರ್ಷದ ಹಿಂದೆ ಹೊಳೆಯಲ್ಲಿ ಮುಳುಗಿ ಹೋಗಿದ್ದ. ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ ಬೆಟ್ಟಂಪಾಡಿಯಲ್ಲಿ ಮಾತುಕತೆ ನಡೆದಿತ್ತು, ಅವರಿಗೆ ಬೇಗ ಹಿಂದೆ ಹೋಗಬೇಕಿತ್ತಂತೆ. ಅದೇ ಹೊತ್ತು ನಮ್ಮ ಕ್ಲಾಸಿನದ್ದೂ ಆಗಿತ್ತು ಎಂಬುದು ನನಗೆ ಆಗ ಹೊಳೆಯಿತು.

"ಒಳ್ಳೆ ಜನ. ಅಣ್ಣನಿಗೆ ಒಪ್ಪಿಗೆ ಉಂಟು" ಎಂದಳು ಅಕ್ಕು. "ನಾನು ಹ್ಞೂಂ ಹೇಳ್ಲಿಲ್ಲ. ಕೊಟ್ರೆ ಅವಳ ಮೈಗೆ ಹಾಕಿದ್ದೆಲ್ಲ ಅವಳೊಟ್ಟಿಗೆ ಕೊಡ್ಬೇಕಂತೆ. ಒಂದು ಇಟ್ಕೊಂಡ್ರೂ ಹುಡುಗಿ ಎರಡು ಮನೆ ಮಧ್ಯ ಅಂಗಳದಲ್ಲಿ ನಿಲ್ತಾಳಂತೆ. ಈ ಪಟ್ಟಿಯೂ ಹೋಗ್ತದೆ. ಮತ್ತೆ ಅವಳ ಹೆಸರು ನಾನು ಎಲ್ಲಿ ನೋಡುದು?"

"ಬೇರೆ ಪಟ್ಟಿ ತಗೊಂಡ್ರೆ ಆಯ್ತಲ್ಲ. ಅದಕ್ಕೂ ಅದೇ ಹೆಸರು ಕೊಡ್ತಾನೆ ದಿಶಾಂತ್."

"ಕೇಳಿದ್ದೇನೆ. ಕೊಡ್ಲಿಕ್ಕೆ ಆಗ್ತದಂತೆ. ಆದ್ರೆ ಅದು ಅವಳ ಮೈ ಮುಟ್ಟಿದ್ದಲ್ಲ ಅಲ್ವಾ?"

ನನಗೆ ಸಿಟ್ಟು ಬಂತು. ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟೇ. "ಎಂತ ಮರುಳು ಇದು! ಸತ್ತವರಿಗೆ ಎಂತ ಮದುವೆ, ಎಂತ ಅಂಗಳ?" ಎಂದುಬಿಟ್ಟೆ. ಅಕ್ಕು ನನ್ನ ಭುಜ ನೋಡಿದಳು, ಮುಖ ನೋಡಲಿಲ್ಲ. ಆ ಕ್ಷಣ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೇಳಬಾರದೆಂದು ನಿಶ್ಚಯಿಸಿದ್ದೆಲ್ಲವನ್ನೂ ಅದೇ ಬೇಸರದಲ್ಲಿ ಹೇಳಿದೆ: ಹತ್ತನೆಯ ಚೌಕ, ಖಾಲಿ ಮೆಟ್ಟಿಲು, ಮೊಳೆಗೆ ನೇತುಬಿದ್ದ ಪಟ್ಟಿ.

ಅವಳು ಹೆದರಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ. "ಕೊನೆಗೆ ಇಳೀತಾ?"

"ಇಲ್ಲ. ನೂರ ನಲ್ವತ್ತರಲ್ಲೇ ಇತ್ತು."

ಅಕ್ಕು ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಲ್ಲಿ ಅಳೆಯುತ್ತ ಕೂತಳು. ಆಮೇಲೆ, "ನಾನು ಅವಳನ್ನು ಓಡಿಸ್ತಾ ಇದ್ದೇನೆ ಅಕ್ಕ. ದಿನಾ ಬೆಳಿಗ್ಗೆ ಎಬ್ಬಿಸಿ ಓಡಿಸ್ತಾ ಇದ್ದೇನೆ. ಅವಳಿಗೆ ಇಲ್ಲಿ ರಿಕವರಿ ಇಲ್ಲ" ಎಂದಳು. ನನ್ನೆದುರೇ ಅಣ್ಣನಿಗೆ ಫೋನು ಮಾಡಿ, ಆಗಬಹುದು ಎಂದು ಹೇಳಿದಳು.

ಮದುವೆ ಹತ್ತು ದಿನದ ನಂತರ, ಬೆಟ್ಟಂಪಾಡಿಯಲ್ಲಿ, ಹಗಲು ಹನ್ನೊಂದು ಗಂಟೆಗೆ. ನಾನು ದಿಶಾಂತನನ್ನೂ ಕರೆದುಕೊಂಡು ಹೋದೆ. ಎಲ್ಲ ಮದುವೆಯ ಹಾಗೆಯೇ ಇತ್ತು, ಮದುಮಕ್ಕಳು ಮಾತ್ರ ಇರಲಿಲ್ಲ. ಒಂದು ಮಣೆಯ ಮೇಲೆ ಪಂಚೆ, ಅಂಗಿ, ಶಾಲು. ಇನ್ನೊಂದರ ಮೇಲೆ ಹಸಿರು ಸೀರೆ, ಬಳೆ, ಬಾಚಣಿಗೆ, ಕನ್ನಡಿ, ಮಲ್ಲಿಗೆ. ಸೀರೆಯ ಮೇಲೆ ಅಕ್ಕು ಹೊಲಿದ ರವಿಕೆ. ಪುಸ್ತಕ ನೋಡದೆ ಹೊಲಿದದ್ದು, ಮಗಳ ಅಳತೆ ಅವಳಿಗೆ ಬಾಯಿಪಾಠ. ಧಾರೆಗೆ ಕರೆಯುವ ಸ್ವಲ್ಪ ಮೊದಲು ಅವಳು ನಲ್ಲಿಯ ಹತ್ತಿರ ಹೋಗಿ ಪಟ್ಟಿಯನ್ನು ಒದ್ದೆ ಮಾಡಿ, ಹಿಂಡಿ, ರವಿಕೆಯೊಳಗೆ ಮಡಚಿಟ್ಟಳು.

"ಒದ್ದೆ ಮಾಡದಿದ್ರೆ ಅದು ಹಿಡಿಯುದಿಲ್ಲ" ಎಂದಳು ನನಗೆ, ತಪ್ಪು ಮಾಡಿದವಳಂತೆ.

ಧಾರೆ ಎರೆದರು. ಎರಡು ಮಣೆಗಳನ್ನು ಎತ್ತಿಕೊಂಡು ದೀಪಕ್ಕೆ ಸುತ್ತು ಬಂದರು. ನನ್ನ ಪಕ್ಕ ನಿಂತಿದ್ದ ದಿಶಾಂತನ ಜೇಬಿನಲ್ಲಿ ಫೋನು ನಡುಗಿತು. ಕ್ಲಾಸಿನ ಟಿವಿಯಲ್ಲಿ ಕಾಣುವುದೆಲ್ಲ ಅವನ ಫೋನಿನಲ್ಲೂ ಕಾಣುತ್ತದೆ, ಪಟ್ಟಿ ಹತ್ತಿರವಿದ್ದರೆ. ಅವನು ತೆಗೆದು ನೋಡಿ ನನ್ನ ಕಡೆ ಹಿಡಿದ.

ಸುಪ್ರಿತಾ, ನೂರ ಮೂವತ್ತೆಂಟು.

ಊಟವಾಯಿತು. ಮೊದಲ ಎಲೆ ಮದುಮಕ್ಕಳಿಗೆ ಬಡಿಸಿ, ಆಮೇಲೆ ನಮಗೆ.  ಎರಡು ಗಂಟೆಗೆ ಗಂಡಿನವರು ಹೊರಟರು. ತ್ಯಾಂಪಣ್ಣನ ಹೆಂಡತಿ ಜೀಪಿನಲ್ಲಿ ಕೂತು ಸೊಸೆಯ ಸೀರೆ ರವಿಕೆಯ ಗಂಟನ್ನು ಕೈಗೆ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದರು. ಅವರ ಬಾಯಿಂದ "ಬಾ ಮಗಾ" ಎಂಬುದಷ್ಟೇ ಕೇಳಿತು. ಅಂಗಳ ಇಕ್ಕಟ್ಟು, ಜೀಪು ಹಿಂದೆ ಮುಂದೆ ಮಾಡಿ ತಿರುಗಬೇಕಿತ್ತು.

ಅಕ್ಕು ನಮ್ಮ ಹತ್ತಿರ ಬಂದು ನಿಂತಳು. ಫೋನು ನೋಡಲಿಲ್ಲ. "ದಿಶಾಂತ್, ಎಷ್ಟು ಉಂಟು?" ಎಂದಳು. ಅವಳಿಗೆ ಹೇಗೆ ತಿಳಿಯಿತೋ.

"ನೂರ ಮೂವತ್ತಾರು ಆಂಟಿ" ಎಂದ ಅವನು. 

"ಹೇಳ್ತಾ ಇರು."

ಜೀಪು ಹಿಂದೆ ಸರಿಯಿತು. "ನೂರ ಮೂವತ್ತು." ಡ್ರೈವರು ಗೇರು ಬದಲಾಯಿಸಿದ. "ನೂರ ಇಪ್ಪತ್ತೆರಡು. ನೂರ ಹದಿನೈದು." ಯಾರೋ ತೆಂಗಿನಕಾಯಿ ಮರೆತರೆಂದು ಓಡಿ ಬಂದು ಕೊಟ್ಟರು. "ನೂರ ನಾಲ್ಕು. ತೊಂಬತ್ತೆಂಟು."

ಅದು ಆ ಹೆಂಗಸಿನ ಎದೆಯ ಬಡಿತವೇ ಇರಬಹುದು. ಒದ್ದೆ ಪಟ್ಟಿ, ಬೆವರಿದ ಕೈ, ಒತ್ತಿ ಹಿಡಿದ ಗಂಟು. ಹನ್ನೊಂದು ವರ್ಷದ ನಂತರ ಮಗನ ಮದುವೆ ಮುಗಿಸಿ ಹೊರಟ ತಾಯಿಯ ಎದೆಯೂ ಹಾಗೆ ಇಳಿಯಬಹುದು. ಧಾರೆಯ ಹೊತ್ತಿಗೆ ಮಾತ್ರ ಆ ಸೀರೆ ರವಿಕೆ ಮಣೆಯ ಮೇಲೆಯೇ ಇದ್ದವು, ಯಾರೂ ಎದೆಗೆ ಒತ್ತಿ ಹಿಡಿದಿರಲಿಲ್ಲ. 

"ಎಂಬತ್ತನಾಲ್ಕು" ಎಂದ ದಿಶಾಂತ್. "ಎಪ್ಪತ್ತಾರು." ಜೀಪು ಬೇಲಿಯ ದಣಪೆ ದಾಟಿ ರಸ್ತೆಗೆ ಇಳಿಯಿತು. ಫೋನಿನಿಂದ ಹೆಸರು ಹೋಯಿತು.

ಅಕ್ಕು ಸೆರಗಿನಿಂದ ಮುಖ ಒರೆಸಿಕೊಂಡು, ಬ್ಯಾಗಿನಿಂದ ಅಳತೆ ಪುಸ್ತಕ ತೆಗೆದು, ಏಪ್ರಿಲಿನಿಂದ ಖಾಲಿ ಬಿಟ್ಟಿದ್ದ ಪದದ ಎದುರು ಪೆನ್ಸಿಲಿನಲ್ಲಿ ಬರೆದಳು. ನಾನು ಇಣುಕಿ ಓದಿದೆ.

‘ರಿಕವರಿ: ಇಳೀತು ಮಗಾ. ಇವತ್ತು ನಾನು ಕೇಳಿದೆ.’